‘ಮನೆಯಲ್ಲಿ ಹಿರಿಯರು ಇದ್ದಾರಲ್ಲ’: ಮಾರ್ಗಸೂಚಿ ಬರೆಯುವವರಿಗೆ ಒಬ್ಬ ಅಜ್ಜಿಯ ಬಹಿರಂಗ ಪತ್ರ

ವಿಜಯಪುರ
12 ಜನವರಿ 2022

ಕೋವಿಡ್ ಸಾಂಕ್ರಾಮಿಕದ ಕಾಲಕ್ಕೆ ಮಾರ್ಗಸೂಚಿಗಳನ್ನು ಸಿದ್ಧಪಡಿಸುವ ಮತ್ತು ಜಾರಿಗೆ ತರುವ ಸರ್ಕಾರದ ಮಾನ್ಯ ಅಧಿಕಾರಿಗಳಿಗೆ,

ವಿಷಯ: 65 ವರ್ಷ ಮೇಲ್ಪಟ್ಟವರೂ 10 ವರ್ಷದೊಳಗಿನ ಮಕ್ಕಳೂ ಒಂದೇ ಸೂರಿನಡಿ ಬಾಳುವ ಮನೆಗಳನ್ನು ಗಮನದಲ್ಲಿಟ್ಟು ಅಂತರದ ನಿಯಮಗಳನ್ನು ಬರೆಯುವ ಕುರಿತು.

ಮಾನ್ಯರೇ,

ವಿಜಯಪುರ ನಗರದ ಹಳೆಯ ಓಣಿಯೊಂದರಲ್ಲಿ ವಾಸವಾಗಿರುವ ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ನನಗೀಗ 69 ವರ್ಷ. ಕಳೆದ ತಿಂಗಳ 28ರಿಂದ ರಾತ್ರಿ ಕರ್ಫ್ಯೂ ಬಂದಿದೆ, ಈ ತಿಂಗಳ 7ರಿಂದ ವಾರಾಂತ್ಯದ ಕರ್ಫ್ಯೂ ಅದರ ಜೊತೆ ಸೇರಿಕೊಂಡಿದೆ, ಮತ್ತು ಮೂರನೆಯ ಅಲೆಗೆ ಹೊಸ ಮಾರ್ಗಸೂಚಿಗಳು ತಯಾರಾಗುತ್ತಿವೆ ಎಂದು ಪತ್ರಿಕೆಗಳಲ್ಲಿ ಓದುತ್ತಿದ್ದೇನೆ. ಆ ಮಾರ್ಗಸೂಚಿಗಳಲ್ಲಿ ‘65 ವರ್ಷ ಮೇಲ್ಪಟ್ಟವರು’ ಎಂಬ ಸಾಲು ಮತ್ತೆ ಬರುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆ ಸಾಲಿನೊಳಗೆ ಸುಮಾರು ಎರಡು ವರ್ಷ ಬದುಕಿದವಳಾಗಿ, ಅದು ಮತ್ತೆ ಬರೆಯಲ್ಪಡುವ ಮುನ್ನ ಕೆಲವು ಸಂಗತಿಗಳನ್ನು ತಮ್ಮ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ರೋಗ ಸುಳ್ಳು, ನಿಯಮ ಬೇಡ ಎಂದು ವಾದಿಸುವವರ ಪೈಕಿ ನಾನಲ್ಲ. ದೇಶದಲ್ಲಿ ಈ ರೋಗದಿಂದಾದ ಮೊದಲ ಸಾವು 2020ರ ಮಾರ್ಚ್‌ನಲ್ಲಿ ನಮ್ಮ ನೆರೆಯ ಕಲಬುರಗಿಯಲ್ಲಿಯೇ ಸಂಭವಿಸಿತು ಮತ್ತು ತೀರಿಕೊಂಡವರು 76 ವರ್ಷದ ಹಿರಿಯರಾಗಿದ್ದರು. ಆದ್ದರಿಂದ ಭಯ ನಮಗೂ ಇತ್ತು, ಬಹುಶಃ ತಮಗಿಂತ ಒಂದು ತೂಕ ಹೆಚ್ಚೇ ಇತ್ತು. ನನ್ನ ದೂರು ನಿಯಮ ಇದ್ದುದರ ಬಗ್ಗೆ ಅಲ್ಲ, ಅದನ್ನು ಬರೆಯುವಾಗ ಯಾವ ಮನೆಯನ್ನು ಕಣ್ಣ ಮುಂದೆ ಇಟ್ಟುಕೊಳ್ಳಲಾಗಿತ್ತು ಎಂಬುದರ ಬಗ್ಗೆ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹನ್ನೆರಡು ಅಡಿಯ ಪಡಸಾಲೆ, ಹಿಂದೆ ಅಡುಗೆಮನೆ, ಪಕ್ಕಕ್ಕೆ ಒಂದು ಕೋಣೆ, ಹಿತ್ತಲಲ್ಲಿ ಬಚ್ಚಲು. ಇರುವವರು ಐವರು: ನಾನು, ಲಾರಿ ಓಡಿಸುವ ಮಗ, ಅಂಗನವಾಡಿ ಕಾರ್ಯಕರ್ತೆಯಾದ ಸೊಸೆ, ಮತ್ತು 2020ರಲ್ಲಿ ಎಂಟು ಹಾಗೂ ಆರು ವರ್ಷದವರಾಗಿದ್ದ ಮೊಮ್ಮಗಳು, ಮೊಮ್ಮಗ. ಸರಕು ಸಾಗಣೆ ಅಗತ್ಯ ಸೇವೆಯಾದ್ದರಿಂದ ಮಗ ಮನೆಯಲ್ಲಿ ಉಳಿಯುವಂತಿರಲಿಲ್ಲ. ಅಂಗನವಾಡಿ ಮುಚ್ಚಿದರೂ ಮಕ್ಕಳ ಮತ್ತು ಗರ್ಭಿಣಿಯರ ಆಹಾರಧಾನ್ಯವನ್ನು ಮನೆ ಮನೆಗೆ ಮುಟ್ಟಿಸುವುದು, ಜ್ವರ, ಕೆಮ್ಮು ಯಾರಿಗಿದೆ ಎಂದು ವಿಚಾರಿಸುವುದು ಸೊಸೆಯ ಪಾಲಿಗೆ ಬಂದುದರಿಂದ ಅವಳೂ ಉಳಿಯುವಂತಿರಲಿಲ್ಲ. 2020ರ ಮೇ ತಿಂಗಳ ಕೇಂದ್ರದ ಮಾರ್ಗಸೂಚಿಯಲ್ಲಿ 65 ದಾಟಿದವರು ಮತ್ತು 10 ವರ್ಷದೊಳಗಿನವರು ಅಗತ್ಯವಿಲ್ಲದೆ ಹೊರಗೆ ಬರಬಾರದೆಂದು ಹೇಳಲಾಗಿತ್ತು. ಅಂದರೆ ನಮ್ಮ ಮನೆಯಲ್ಲಿ ಹಗಲೆಲ್ಲ ಉಳಿದವರು ನಿಯಮ ಹೆಸರಿಸಿದ ಈ ಎರಡು ವರ್ಗದವರೇ. ಇಬ್ಬರನ್ನೂ ಒಳಗಿಟ್ಟ ನಿಯಮ, ಒಳಗೆ ಇವರಿಬ್ಬರು ಒಬ್ಬರಿಗೊಬ್ಬರು ಏನಾಗಿರುತ್ತಾರೆ ಎಂದು ಯೋಚಿಸಿದಂತೆ ಕಾಣಲಿಲ್ಲ.

ದೇಶಕ್ಕೆ ಬೀಗ ಬಿದ್ದ 2020ರ ಮಾರ್ಚ್ 25 ಯುಗಾದಿಯ ದಿನವಾಗಿತ್ತು. ಅಂದು ಬೆಳಿಗ್ಗೆ ಬೇವು ಕುಡಿದ ಮೇಲೆ ಸೊಸೆ ಒಂದು ಬಟ್ಟಲಲ್ಲಿ ಸುಣ್ಣ ಕದಡಿ, ಪಡಸಾಲೆಯ ನಡುವೆ ಗೋಡೆಯಿಂದ ಗೋಡೆಗೆ ಒಂದು ಗೆರೆ ಎಳೆದಳು. ಓಣಿಯ ಮನೆಗಳಿಗೆಲ್ಲ ಆರು ಅಡಿ ಅಂತರವನ್ನು ಹೇಳಿಕೊಡಬೇಕಾಗಿದ್ದ ಅವಳು ತನ್ನ ಮನೆಯಲ್ಲಿಯೇ ಅದನ್ನು ಮೊದಲು ಪಾಲಿಸಬೇಕೆಂದು ನಿಶ್ಚಯಿಸಿದ್ದಳು, ಆ ಪ್ರಾಮಾಣಿಕತೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಗೆರೆಯ ಈಚೆ ಆರು ಅಡಿಯಲ್ಲಿ ನನ್ನ ಹೊರಸು, ಆಚೆ ಆರು ಅಡಿಯಲ್ಲಿ ಉಳಿದ ನಾಲ್ವರ ಸಂಸಾರ. ಹೊರಸಿನ ಉದ್ದವೇ ಆರು ಅಡಿ ಇದ್ದುದರಿಂದ ಕಾಲು ಚಾಚಿ ಮಲಗಿದರೆ ಗೆರೆಗೆ ತಾಗುತ್ತಿತ್ತು. ಅಡುಗೆಮನೆ ಗೆರೆಯ ಆಚೆಗೆ ಹೋಯಿತು. ನಲವತ್ತು ವರ್ಷ ಪ್ರತಿ ಬೆಳಿಗ್ಗೆ ರೊಟ್ಟಿ ಬಡಿದ ಕೈಗೆ ಕೆಲಸವಿಲ್ಲದಂತಾಯಿತು. ಸೊಸೆ ನಾಲ್ಕು ಗಂಟೆಗೆ ಎದ್ದು ರೊಟ್ಟಿ ಬಡಿಯುವ ಸದ್ದನ್ನು ಹೊರಸಿನ ಮೇಲೆ ಕುಳಿತು ಕೇಳುತ್ತಿದ್ದೆ. ಸದ್ದಿನಿಂದಲೇ ಹಿಟ್ಟು ಗಟ್ಟಿಯಾಗಿದೆ ಎಂದು ತಿಳಿಯುತ್ತಿತ್ತು, ಆದರೂ ಹೇಳುತ್ತಿರಲಿಲ್ಲ. ತಾಟನ್ನು ಗೆರೆಯ ಮೇಲೆ ಇಟ್ಟು ಅವಳು ಹಿಂದೆ ಸರಿಯುವಳು, ಅನಂತರ ನಾನು ಎತ್ತಿಕೊಳ್ಳುವೆನು. ಸ್ವಂತ ಮನೆಯಲ್ಲಿ ಊಟವನ್ನು ಹೀಗೆ ಪಡೆಯುವುದು ಏನೆಂಬುದನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ.

ಆ ವರ್ಷ ಮೊಮ್ಮಗ ಒಂದನೆಯ ತರಗತಿಗೆ ಹೋಗಬೇಕಾಗಿತ್ತು. ಶಾಲೆ ತೆರೆಯಲಿಲ್ಲ. ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ ಕಾರ್ಯಕ್ರಮದಲ್ಲಿ ಶಿಕ್ಷಕರು ಓಣಿಗೇ ಬಂದು ಕಲಿಸುತ್ತಿದ್ದರು, ಅದೂ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ಮೂವತ್ತಾರು ವರ್ಷ ಊರವರ ಮಕ್ಕಳಿಗೆ ಅಕ್ಷರ ಕಲಿಸಿದವಳ ಮೊಮ್ಮಗ ಅಕ್ಷರವಿಲ್ಲದೆ ಉಳಿಯಬಾರದೆಂದು ನಾನೇ ಪಾಟಿ ಹಿಡಿದೆ. ಗೆರೆಯ ಈಚೆ ನಾನು, ಆಚೆ ಅವನು, ನಡುವೆ ನೆಲದ ಮೇಲೆ ನನ್ನ ಪಾಟಿ. ನಾನು ದೊಡ್ಡದಾಗಿ ‘ಅ’ ಬರೆದೆ, ಅವನು ತನ್ನ ಪಾಟಿಯ ಮೇಲೆ ನೋಡಿ ಬರೆದ. ಮೂರು ದಿನ ಕಳೆದ ಮೇಲೂ ಅವನ ‘ಅ’ ತಲೆಕೆಳಗಾಗಿಯೇ ಬರುತ್ತಿದ್ದುದನ್ನು ಕಂಡು ಗದರಿಸಿದೆ. ಅವನು ಅಳುಮೋರೆ ಮಾಡಿ, “ಆಯಿ, ನೀನ ಹಂಗ ಬರದಿಯಲ್ಲ!” ಎಂದ. ಅವನ ಮಾತು ಸರಿಯಾಗಿತ್ತು. ಎದುರು ಕುಳಿತವನಿಗೆ ನನ್ನ ಅಕ್ಷರ ತಲೆಕೆಳಗಾಗಿಯೇ ಕಾಣುತ್ತಿತ್ತು, ಮಗು ಕಂಡದ್ದನ್ನು ತಪ್ಪಿಲ್ಲದೆ ಬರೆದಿತ್ತು. ಇಷ್ಟು ವರ್ಷ ಕಲಿಸಿದ ನನಗೆ ಈ ತೊಡಕು ಎಂದೂ ಎದುರಾಗಿರಲಿಲ್ಲ, ಏಕೆಂದರೆ ನಾನು ಎಂದೂ ಎದುರು ಕುಳಿತು ಅಕ್ಷರ ಕಲಿಸಿದವಳಲ್ಲ. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು, ಅದರ ಕೈಯನ್ನು ನನ್ನ ಕೈಯೊಳಗೆ ಹಿಡಿದು ತಿದ್ದಿಸುವುದೇ ನನಗೆ ಗೊತ್ತಿದ್ದ ವಿದ್ಯೆ. ಮರುದಿನದಿಂದ ಕದದ ಮೇಲೆ ಸೀಮೆಸುಣ್ಣದಿಂದ ಬರೆದು ತೋರಿಸಿದೆ, ‘ಅ’ ನೆಟ್ಟಗಾಯಿತು. ಆದರೆ ಬಳಪವನ್ನು ಬೆರಳುಗಳು ಎಷ್ಟು ಬಿಗಿ ಹಿಡಿದಿವೆ, ಎಲ್ಲಿ ಹೆದರಿ ನಿಲ್ಲುತ್ತವೆ ಎಂಬುದು ಕೈ ಹಿಡಿಯದೆ ತಿಳಿಯುವುದಿಲ್ಲ. ಇಂದಿಗೂ ಅವನು ಬಳಪವನ್ನು ಮುಷ್ಟಿಯಲ್ಲಿ ಹಿಡಿಯುತ್ತಾನೆ. ಒಂದರಿಂದ ಐದನೆಯ ತರಗತಿಗಳು ಕಳೆದ ಅಕ್ಟೋಬರ್ 25ರಂದು ತೆರೆದಾಗ, ಒಂದನೆಯ ತರಗತಿಯ ಕೋಣೆಯನ್ನೇ ಕಾಣದ ಹುಡುಗ ನೇರವಾಗಿ ಎರಡನೆಯ ತರಗತಿಯಲ್ಲಿ ಹೋಗಿ ಕುಳಿತ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಸಂಗತಿಗೆ ಬರುತ್ತೇನೆ. 2020ರ ಆಗಸ್ಟ್‌ನಲ್ಲಿ ಸೊಸೆಗೆ ಪಾಸಿಟಿವ್ ಬಂತು. ಲಕ್ಷಣಗಳು ಹೆಚ್ಚಿರಲಿಲ್ಲ. ಮನೆಯಲ್ಲಿಯೇ ಪ್ರತ್ಯೇಕವಾಗಿರಲು ಅವಕಾಶ ಬಂದಿತ್ತಾದರೂ ಗಾಳಿ ಬೆಳಕಿನ ಪ್ರತ್ಯೇಕ ಕೋಣೆ ಇರಬೇಕೆಂಬುದು ಅದರ ಷರತ್ತು, ಅಂಥ ಕೋಣೆ ನಮ್ಮಲ್ಲಿಲ್ಲ. ಅವಳನ್ನು ಆರೈಕೆ ಕೇಂದ್ರಕ್ಕೆ ಕರೆದೊಯ್ಯಲು ವಾಹನ ಬಂತು. ಮಗ ಆಗ ಹೈದರಾಬಾದಿನ ಹಾದಿಯಲ್ಲಿದ್ದ. ಯಾರೂ ಒಳಹೊರಗೆ ಹೋಗದಂತೆ ಮನೆಗೆ ಪಟ್ಟಿ ಕಟ್ಟುವುದರಿಂದ ಬರಬೇಡವೆಂದು ಅವನಿಗೆ ಫೋನಿನಲ್ಲಿಯೇ ತಿಳಿಸಲಾಯಿತು. ಬಂದಿದ್ದ ಸಿಬ್ಬಂದಿ ಹೊಸ್ತಿಲ ಹೊರಗೆ ನಿಂತು ಹಾಳೆಯಲ್ಲಿ ತುಂಬಿಕೊಳ್ಳುತ್ತ, ಮಕ್ಕಳನ್ನು ನೋಡಿ, ಇವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ಸೊಸೆ ಉತ್ತರಿಸುವ ಮೊದಲೇ ನನ್ನ ಕಡೆ ದೃಷ್ಟಿ ಹಾಯಿಸಿ, “ಮನ್ಯಾಗ ಹಿರ್ಯಾರು ಅದಾರಲ್ಲ” ಎಂದು ತಾವೇ ಹೇಳಿಕೊಂಡು ಹಾಳೆ ಮಡಚಿದರು. ಬಾಗಿಲಿಗೆ ಬಿದಿರು ಕಟ್ಟಿದರು.

ಮಾನ್ಯರೇ, ಐದು ತಿಂಗಳಿನಿಂದ ಈ ಮಕ್ಕಳನ್ನು ಮುಟ್ಟಬೇಡ ಎಂದು ನನಗೆ ಹೇಳುತ್ತ ಬಂದಿದ್ದ ವ್ಯವಸ್ಥೆ, ಅವರು ಸೋಂಕಿತರ ಪ್ರಾಥಮಿಕ ಸಂಪರ್ಕವೆಂದು ಗುರುತಿಸಿದ ಗಳಿಗೆಯಲ್ಲಿಯೇ ಅವರನ್ನು ನನ್ನ ಮಡಿಲಿಗೆ ಹಾಕಿ ಹೋಯಿತು. ನಾನು ಬೇಡವೆನ್ನುವವಳಲ್ಲ, ಯಾವ ಅಜ್ಜಿಯೂ ಬೇಡವೆನ್ನುವುದಿಲ್ಲ. ಆದರೆ ನನ್ನನ್ನು ಒಂದು ಮಾತು ಕೇಳಬೇಕಾಗಿತ್ತು. ನನಗೆ ಸಕ್ಕರೆ ಕಾಯಿಲೆ ಇದೆಯೇ, ಗುಳಿಗೆ ಎಷ್ಟು ದಿನಕ್ಕಿವೆ, ರಾತ್ರಿ ಮಗುವಿಗೆ ಜ್ವರ ಬಂದರೆ ಯಾರನ್ನು ಕರೆಯಬೇಕು, ನನಗೇ ಬಂದರೆ ಮಕ್ಕಳ ಗತಿ ಏನು ಎಂಬ ಒಂದು ಪ್ರಶ್ನೆಯೂ ಆ ಹಾಳೆಯಲ್ಲಿರಲಿಲ್ಲ. ತಮ್ಮ ಬರೆದ ಯೋಜನೆಯಲ್ಲಿ ನಾನು ಕಾಪಾಡಬೇಕಾದ ಮುದುಕಿ, ಬರೆಯದ ಯೋಜನೆಯಲ್ಲಿ ಎಲ್ಲ ಭಾರವನ್ನೂ ಹೊರುವ ಆಳು. ಎರಡನೆಯದನ್ನೂ ಬರೆದಿಡಿ ಎಂಬುದಷ್ಟೇ ನನ್ನ ವಾದ. ಬರೆದಿಟ್ಟರೆ ಅದಕ್ಕೆ ಬೇಕಾದ ಗುಳಿಗೆ, ಫೋನ್ ನಂಬರು, ದಿನಕ್ಕೊಮ್ಮೆ ಬಂದು ವಿಚಾರಿಸುವ ಒಬ್ಬ ಮನುಷ್ಯ ಇವನ್ನೂ ಬರೆಯಬೇಕಾಗುತ್ತದೆ.

ಇಲ್ಲೊಂದು ತಪ್ಪೊಪ್ಪಿಗೆಯನ್ನೂ ದಾಖಲಿಸುತ್ತೇನೆ. ಆ ದಿನಗಳ ಎರಡನೆಯ ರಾತ್ರಿ ದೊಡ್ಡ ಮಳೆ. ಮಾಳಿಗೆಯ ಬೆಳಕಿಂಡಿಯಿಂದ ಮಿಂಚಿನ ಬೆಳಕು ನೇರವಾಗಿ ಪಡಸಾಲೆಗೆ ಬೀಳುತ್ತಿತ್ತು. ಮೊಮ್ಮಗ ಎದ್ದು ಗೆರೆಯವರೆಗೆ ಬಂದು, ಹೆಬ್ಬೆರಳನ್ನು ಸರಿಯಾಗಿ ಗೆರೆಯ ಅಂಚಿಗೆ ಇಟ್ಟು ನಿಂತುಕೊಂಡ. ದಾಟಲಿಲ್ಲ, ಕರೆಯಲೂ ಇಲ್ಲ. ಐದು ತಿಂಗಳಲ್ಲಿ ಅವನಿಗೆ ಅಷ್ಟು ಚೆನ್ನಾಗಿ ಅಭ್ಯಾಸವಾಗಿತ್ತು. ನಾನೇ ಕೌದಿಯನ್ನು ಎತ್ತಿ ಬಾ ಎಂದೆ. ಅಕ್ಕನೂ ಬಂದಳು. ಬೆಳಿಗ್ಗೆ ನೋಡಿದರೆ ಸುಣ್ಣದ ಗೆರೆ ಅವರ ಕಾಲಿಗೆ ಹತ್ತಿ ಹಾಸಿಗೆಯವರೆಗೂ ಹರಡಿತ್ತು. ನಮ್ಮ ಮೂವರ ಪರೀಕ್ಷೆಯೂ ನೆಗೆಟಿವ್ ಬಂದುದು ದೈವಕೃಪೆ. ಅದರಿಂದ ನಾನು ಮಾಡಿದ್ದು ಸರಿಯೆಂದು ಸಾಬೀತಾಗುವುದಿಲ್ಲವೆಂದು ನನಗೆ ಗೊತ್ತು. ಆದರೆ ಆ ರಾತ್ರಿ ಬೇರೆ ಏನು ಮಾಡಬಹುದಾಗಿತ್ತೆಂದು ತಾವು ಹೇಳಿದರೆ ಕಲಿಯಲು ಸಿದ್ಧಳಿದ್ದೇನೆ.

ಮನೆಯ ಹೊರಗಿನ ಸಂಗತಿಗಳನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ನನ್ನ ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದೆ, ಇಲ್ಲಿಂದ ನೂರು ಕಿಲೋಮೀಟರು. ಅದೇ 2020ರಲ್ಲಿ ಅವಳು ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮ ಪದ್ಧತಿ. ಮೇ ತಿಂಗಳಲ್ಲಿ ಮಹಾರಾಷ್ಟ್ರದಿಂದ ರಾಜ್ಯದೊಳಕ್ಕೆ ಪ್ರವೇಶವನ್ನೇ ನಿಲ್ಲಿಸಲಾಯಿತು, ಧೂಳಖೇಡದ ಗಡಿಯಲ್ಲಿ ತಡೆ ಬಿತ್ತು. ಸರ್ಕಾರದ ಸೇವಾಸಿಂಧು ಜಾಲತಾಣದಲ್ಲಿ ಪ್ರವೇಶದ ಪಾಸಿಗಾಗಿ ಹಾಕಿದ ಅರ್ಜಿಗೆ ಅವಳ ದಿನ ತುಂಬುವವರೆಗೂ ಉತ್ತರ ಬರಲಿಲ್ಲ. ಮಗಳ ಚೊಚ್ಚಲ ಕೂಸಿಗೆಂದು ನನ್ನ ಹಳೆಯ ಇಳಕಲ್ ಸೀರೆಗಳನ್ನು ಸೇರಿಸಿ ಹೊಲಿದಿದ್ದ ಕೌದಿಯನ್ನು, ಲಿಂಬೆಹಣ್ಣು ಹೇರಿಕೊಂಡು ಹೊರಟಿದ್ದ ಮಗನ ಲಾರಿಯಲ್ಲಿಯೇ ಕಳುಹಿಸಿದೆ. ಲಿಂಬೆಹಣ್ಣು ಗಡಿ ದಾಟಿತು, ಕೌದಿಯೂ ದಾಟಿತು. ಬಾಣಂತಿಗೆ ಎಣ್ಣೆನೀರು ಹಾಕಬೇಕಾಗಿದ್ದ ತಾಯಿಗೆ ದಾರಿಯಿರಲಿಲ್ಲ. ಕೂಸನ್ನು ನಾನು ಎತ್ತಿಕೊಂಡಾಗ ಅದಕ್ಕೆ ಒಂಬತ್ತು ತಿಂಗಳು, ನನ್ನ ಮುಖ ಕಂಡು ಕಿರುಚಿ ಅತ್ತಿತು.

ಅದೇ ಮೇ ತಿಂಗಳಲ್ಲಿ ಸಿಂದಗಿ ತಾಲ್ಲೂಕಿನ ಹಳ್ಳಿಯಲ್ಲಿದ್ದ ನನ್ನ ಅಕ್ಕ ವಯೋಸಹಜವಾಗಿ ತೀರಿಕೊಂಡಳು. ಅಂತ್ಯಕ್ರಿಯೆಗೆ ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರಬಾರದೆಂಬ ನಿಯಮವಿತ್ತು. ಅವಳ ಮಗ ಫೋನ್ ಮಾಡಿ, “ಚಿಗವ್ವ, ನಿಮಗ ಅರವತ್ತೈದು ದಾಟೇದ, ನೀವು ಬರೂದು ಬ್ಯಾಡ್ರಿ” ಎಂದ. ತವರಿನ ಸೀರೆಯನ್ನು ಹೊದಿಸದೆ ನಮ್ಮ ಕಡೆ ಮುತ್ತೈದೆಯನ್ನು ಕಳುಹಿಸುವುದಿಲ್ಲ, ತವರೆಂದು ಉಳಿದಿದ್ದವಳು ನಾನೊಬ್ಬಳೇ. ಮುಂದೆ ವಿಚಾರಿಸಿದಾಗ ತಿಳಿದದ್ದೇನೆಂದರೆ, ಆ ಇಪ್ಪತ್ತು ಜನರಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ತಾವು ಸಂಖ್ಯೆಯನ್ನಷ್ಟೇ ಬರೆದಿರಿ. ಯಾರು ಎಂಬುದನ್ನು ಊರಿನ ಗಂಡಸರು ತುಂಬಿಕೊಂಡರು. ಇದು ತಮ್ಮ ಉದ್ದೇಶವಾಗಿರಲಿಲ್ಲವೆಂದು ಬಲ್ಲೆ, ಆದರೆ ಹೀಗಾಗುತ್ತದೆಂದು ನಮ್ಮಂಥವರನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆವು.

ನೆರೆಮನೆಯ ಅಜ್ಜಿಯ ಪಡಿತರದ ಓಟಿಪಿ ಗೋವಾದಲ್ಲಿ ಸಿಕ್ಕಿಬಿದ್ದಿದ್ದ ಮಗನ ಮೊಬೈಲಿಗೆ ಹೋಗಿ, ಅವನ ಚಾರ್ಜು ಮುಗಿದು, ಅವಳು ಅಂಗಡಿಯಿಂದ ಎರಡು ಸಲ ಬರಿಗೈಯಲ್ಲಿ ಮರಳಿದ್ದನ್ನು ಉದಾಹರಣೆಗಾಗಿ ಸೂಚಿಸಿ ಮುಂದೆ ಹೋಗುತ್ತೇನೆ. ನನ್ನ ಸ್ವಂತ ಅನುಭವ 2020ರ ನವೆಂಬರ್ ತಿಂಗಳದ್ದು. ಹೊರಗೆ ಬರಬೇಡ ಎಂದು ಒಂದು ಸರ್ಕಾರಿ ಕಾಗದ, ಪಿಂಚಣಿ ಬೇಕಾದರೆ ಬದುಕಿರುವುದನ್ನು ಖುದ್ದಾಗಿ ಬಂದು ತೋರಿಸು ಎಂದು ಇನ್ನೊಂದು. ಬ್ಯಾಂಕಿನ ಮುಂದೆ ಬಳಿದಿದ್ದ ಬಿಳಿಯ ವೃತ್ತಗಳಲ್ಲಿ ನಮ್ಮ ವಯಸ್ಸಿನವರೆಲ್ಲ ಬಿಸಿಲಿಗೆ ನಿಂತು ಜೀವಿತ ಪ್ರಮಾಣಪತ್ರ ಕೊಟ್ಟು ಬಂದೆವು. ಸವೆದ ಬೆರಳಿನ ಗುರುತನ್ನು ಯಂತ್ರ ಐದು ಸಲ ನಿರಾಕರಿಸಿತು. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಪೋಸ್ಟ್‌ಮನ್ ಮನೆ ಬಾಗಿಲಿಗೆ ಬಂದು ಈ ಕೆಲಸ ಮಾಡಿಕೊಡುವ ವ್ಯವಸ್ಥೆ ಅದೇ ತಿಂಗಳು ಆರಂಭವಾಗಿತ್ತೆಂದು ನನಗೆ ತಿಳಿದದ್ದು ಮುಂದಿನ ವರ್ಷ. ವ್ಯವಸ್ಥೆ ಮಾಡುವುದರಷ್ಟೇ ಅದನ್ನು ಬೇಕಾದವರ ಕಿವಿಗೆ ಮುಟ್ಟಿಸುವುದೂ ಕೆಲಸವೇ.

ಒಳ್ಳೆಯದನ್ನೂ ಹೇಳದಿದ್ದರೆ ಅನ್ಯಾಯವಾದೀತು. 2021ರ ಮಾರ್ಚ್‌ನಿಂದ 60 ದಾಟಿದವರಿಗೆ ಲಸಿಕೆ ಕೊಡತೊಡಗಿದಾಗ ನಮ್ಮ ಓಣಿಯ ನರ್ಸಮ್ಮ ಮನೆ ಮನೆಗೆ ಬಂದು ಕರೆದೊಯ್ದಳು, ಹೆದರಿದವರ ಕೈ ಹಿಡಿದು ಪಕ್ಕದಲ್ಲಿ ಕುಳಿತಳು. ಎರಡನೆಯ ಡೋಸಿನ ಅವಧಿ ಮೊದಲು ನಾಲ್ಕು ವಾರ, ಅನಂತರ ಆರರಿಂದ ಎಂಟು, ಕೊನೆಗೆ ಹನ್ನೆರಡರಿಂದ ಹದಿನಾರು ಎಂದು ಬದಲಾದಾಗಲೂ ನಮಗೆ ಸರಿಯಾದ ತಾರೀಖು ತಿಳಿಸಿದವಳು ಅವಳೇ, ಯಾವ ಆ್ಯಪೂ ಅಲ್ಲ. ನನಗೆ ಜೂನ್‌ನಲ್ಲಿ ಎರಡನೆಯದು ಆಯಿತು. ಮೊನ್ನೆ 10ರಿಂದ ಶುರುವಾಗಿರುವ ಮುನ್ನೆಚ್ಚರಿಕೆ ಡೋಸ್ ಒಂಬತ್ತು ತಿಂಗಳ ಲೆಕ್ಕದಲ್ಲಿ ನನಗೆ ಮಾರ್ಚ್‌ಗೆ ಬರುತ್ತದೆ, ತಪ್ಪದೆ ಹಾಕಿಸಿಕೊಳ್ಳುತ್ತೇನೆ.

‘ಸಾಮಾಜಿಕ ಅಂತರ’ ಎಂಬ ಪದದ ಬಗ್ಗೆ ಭಾಷೆ ಕಲಿಸಿದವಳಾಗಿ ಒಂದು ಆಕ್ಷೇಪವಿದೆ. ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ ಈ ಪದವನ್ನು ಬಿಟ್ಟು ದೈಹಿಕ ಅಂತರ ಎಂದು ಹೇಳತೊಡಗಿತು. ನಮ್ಮ ಬ್ಯಾನರುಗಳಲ್ಲಿ, ಫೋನಿನಲ್ಲಿ, ಬಸ್ಸಿನ ಬೆನ್ನಿನ ಮೇಲೆ ಹಳೆಯ ಪದವೇ ಉಳಿದುಕೊಂಡಿತು. ‘ದೂರ ನಿಲ್ಲು’ ಎಂಬ ಮಾತಿಗೆ ನಮ್ಮ ಓಣಿಗಳಲ್ಲಿ ಬಹಳ ಹಳೆಯ ಅರ್ಥವೊಂದಿದೆ; ಅದನ್ನು ಎದುರಿಸಿದ ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯಲ್ಲಿದೆ. ಸೊಸೆ ಸಮೀಕ್ಷೆಗೆ ಹೋದಾಗ ಕೆಲವು ಮನೆಯವರು ಸೋಂಕಿನ ನೆಪದಲ್ಲಿ ಕೆಲಸದವರಿಗೆ ನೀರಿನ ಲೋಟ ಬೇರೆ ಮಾಡಿದ್ದನ್ನು ಕಂಡು ಬಂದು ಹೇಳಿದ್ದಾಳೆ. ಲೋಟಗಳು ಈಗಲೂ ಬೇರೆಯೇ ಇವೆಯಂತೆ.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ತಂದೆ ತಾಯಿಯನ್ನು ಆರೈಕೆ ಕೇಂದ್ರಕ್ಕೆ ಕರೆದೊಯ್ಯುವ ಮುನ್ನ ಮಕ್ಕಳ ಹೊಣೆ ಹೊರುವ ಹಿರಿಯರ ಹೆಸರು, ವಯಸ್ಸು, ಕಾಯಿಲೆ, ಔಷಧಿಗಳನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕು, ಅವರ ಒಪ್ಪಿಗೆ ಕೇಳಬೇಕು, ಮತ್ತು ಪಟ್ಟಿ ಬಿಚ್ಚುವವರೆಗೆ ಪ್ರತಿದಿನ ಒಬ್ಬರು ಬಾಗಿಲಿಗೆ ಬಂದು ಮಾತಾಡಿಸಬೇಕು. ಬೇರೇನೂ ಆಗದಿದ್ದರೆ ಇದೊಂದಾದರೂ ಆಗಲಿ. ಪ್ರತ್ಯೇಕ ಕೋಣೆ ಇಲ್ಲದ ಮನೆಯಲ್ಲಿ ಅಜ್ಜಿ ಮೊಮ್ಮಕ್ಕಳು ಹೇಗಿರಬೇಕೆಂಬುದನ್ನು ವೈದ್ಯರಿಂದ ಬರೆಸಿ, ನಮಗೆ ತಿಳಿಯುವ ಕನ್ನಡದಲ್ಲಿ ಮನೆ ಮನೆಗೆ ಹಂಚಿಸಬೇಕು. ಮಾಸ್ಕ್ ಹಾಕಿಕೊಂಡು ಪಕ್ಕದಲ್ಲಿ ಕುಳಿತು ಕೈ ಹಿಡಿದು ತಿದ್ದಿಸಬಹುದೇ ಎಂಬ ಪ್ರಶ್ನೆಗೂ ಅದರಲ್ಲಿ ಉತ್ತರವಿರಲಿ. ಹೆರಿಗೆಗೆ ಹೋಗುವ ತಾಯಿಯನ್ನು ಗಡಿಯಲ್ಲಿ ಲಿಂಬೆಹಣ್ಣಿಗಿಂತ ಕಡೆಯಾಗಿ ಕಾಣಬೇಡಿ. ಅಂತ್ಯಕ್ರಿಯೆಗೆ ಎಷ್ಟು ಜನ ಎಂದು ಬರೆಯುವಾಗ ಒಡಹುಟ್ಟಿದವರಿಗೆ, ಹೆಣ್ಣಾಗಲಿ ಮುದುಕರಾಗಲಿ, ಮೊದಲ ಸ್ಥಾನವೆಂದು ಬರೆಯಿರಿ. ಜೀವಿತ ಪ್ರಮಾಣಪತ್ರದ ಕೆಲಸವನ್ನು ರಾಜ್ಯದ ಪಿಂಚಣಿದಾರರಿಗೂ ಮನೆ ಬಾಗಿಲಲ್ಲಿಯೇ ಮುಗಿಸಿಕೊಡುವಂತಾಗಲಿ.

ಕಡೆಯದಾಗಿ, ‘65 ವರ್ಷ ಮೇಲ್ಪಟ್ಟವರು’ ಎಂದು ಆರಂಭವಾಗುವ ಸಾಲನ್ನು ಬರೆಯುವ ಸಭೆಯಲ್ಲಿ ಆ ವಯಸ್ಸಿನ, ಮೊಮ್ಮಕ್ಕಳನ್ನು ಸಾಕುತ್ತಿರುವ ಒಬ್ಬ ಹೆಣ್ಣುಮಗಳನ್ನಾದರೂ ಕೂರಿಸಿಕೊಳ್ಳಿ. ಕರೆದರೆ ನಾನೂ ಬರುತ್ತೇನೆ. ಸಭೆ ಶನಿವಾರವೋ ಭಾನುವಾರವೋ ಇದ್ದರೆ, ದಾರಿಯಲ್ಲಿ ಪೊಲೀಸರಿಗೆ ತೋರಿಸಲು ಒಂದು ಚೀಟಿಯನ್ನೂ ಜೊತೆಗೆ ಕಳುಹಿಸಿಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ
ವಿಜಯಪುರ